ಇನ್ನೂರ ಹನ್ನೆರಡನೇ ಮರ

ಮೂವತ್ತೇಳು ಮರಗಳನ್ನು ಕಡಿದು ಕೆಡವಿದ್ದರು. ಒಂದು ದಿಮ್ಮಿಯನ್ನೂ ಸಾಗಿಸಿರಲಿಲ್ಲ. ಒಂದು ಕಾಯಿಯನ್ನೂ ಕೊಯ್ದಿರಲಿಲ್ಲ.

ಬೆಳಗಿನ ಎಂಟು ಗಂಟೆ. ಆಕಾಶ ಕಾಣಬಾರದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಬುಡಗಳಿಂದ ಹಳದಿ ಹಾಲು ಇನ್ನೂ ಜಿನುಗುತ್ತಿತ್ತು. ಇನ್‌ಸ್ಪೆಕ್ಟರ್ ಒಂದೊಂದೇ ಮರದ ತಲೆಯ ಕಡೆ ನಡೆದು ಹೋಗಿ ಬಗ್ಗಿ ನೋಡುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ಕೇಳಿದ್ದನ್ನೇ ಎರಡು ಸಲ ಕೇಳುವ ಚಾಳಿ. ಅದಕ್ಕೇ ಠಾಣೆಯಲ್ಲಿ ಅವಳಿಗೆ ‘ಚೌಕಾಸಿ ಮೇಡಂ’ ಎಂದು ಹೆಸರು. ಎದುರಿಗೆ ಮಾತ್ರ ಬರೀ ಮೇಡಂ.

“ಎಣಿಸಿ ಆಯ್ತಾ ಮೇಡಂ? ಬೇಕಾದ್ರೆ ಎಲೆಗಳನ್ನೂ ಎಣಿಸಿ” ಎಂದ ರೇಂಜರ್. ಈ ಕಾಡು ಅವನ ಸುಪರ್ದಿಯಲ್ಲಿತ್ತು. ಬೂಟಿಗೆ ಮಣ್ಣು ಮೆತ್ತಿಕೊಳ್ಳದ ಹಾಗೆ ಒಂದು ದಿಮ್ಮಿಯ ಮೇಲೆ ನಿಂತಿದ್ದ.

“ಇವು ಯಾವ ಮರ?”

“ಹೊನ್ನಹುಳಿ. ಹಣ್ಣೆಲ್ಲ ನೆತ್ತಿಯಲ್ಲೇ. ಹದಿನೈದಾಳೆತ್ತರ. ಕೆಳಗಿಂದ ನೋಡಿದ್ರೆ ಎಲೆ ಬಿಟ್ಟು ಏನೂ ಕಾಣಲ್ಲ. ಹತ್ತಿ ಕೊಯ್ಯೋಕೆ ಹೆಂಗಸರ ಸಂಘ ಒಂದಿದೆ, ಅವರಿಗೆ ಪರವಾನಗಿ ಇದೆ. ಇತ್ತು ಅನ್ನಿ.”

“ಇತ್ತು?”

“ಹೆಣ್ಣು ಮರ ಐವತ್ತಕ್ಕಿಂತ ಕಡಿಮೆ ಆದ್ರೆ ಪರವಾನಗಿ ರದ್ದು. ಎಪ್ಪತ್ತಿತ್ತು. ಈಗ ಲೆಕ್ಕ ನೀವೇ ಹಾಕಿ. ಇನ್ನು ಇದು ಹಾಳುಬಿದ್ದ ಕಾಡು. ಬೋಳಿಸಿ ಎಣ್ಣೆತಾಳೆ ಹಾಕ್ತಾರೆ.”

“ಯಾರು?”

“ಹಣ್ಣಿನ ಕಾರ್ಖಾನೆಯವರು. ಅರ್ಜಿ ಹಾಕಿ ಎರಡು ವರ್ಷ ಆಯ್ತು.”

“ಹೊರಗಿನವರು ಬಂದು ಕಡಿದಿದ್ರೆ?”

“ಆಗ ರದ್ದಾಗಲ್ಲ. ಆದ್ರೆ ಸಾಬೀತಾಗ್ಬೇಕಲ್ಲ?” ರೇಂಜರ್ ನಕ್ಕ. “ಇವರೇ ಕಡಿಸಿದ್ದು ಮೇಡಂ. ಸಂಘದ ಯಜಮಾನಿ ದೊಡ್ಡಮ್ಮ ಕಾರ್ಖಾನೆಯವರ ಜೊತೆ ಒಳಗೊಳಗೇ ಕೈ ಮಿಲಾಯಿಸಿದ್ದಾಳೆ. ನಿನ್ನೆ ಇಡೀ ಸಂಘವನ್ನ ನಾವು ಸುರಕ್ಷತಾ ತರಬೇತಿಗೆ ಕರೆದಿದ್ವಿ. ಎಲ್ಲರೂ ಸಂಜೆವರೆಗೆ ಕೂತಿದ್ರು. ಅವಳೊಬ್ಬಳು ಮಧ್ಯಾಹ್ನಕ್ಕೆ ಮುಂಚೆಯೇ ಎದ್ದು ಹೋದಳು. ಗರಗಸದವರಿಗೆ ದಾರಿ ತೋರಿಸಿದವಳು ಅವಳೇ. ಇಗೋ ಸಾಕ್ಷಿ, ಅವಳ ಹಗ್ಗ.”

ಅವನು ಬೂಟಿನ ತುದಿಯಿಂದ ಒಂದು ಹಗ್ಗವನ್ನು ಎತ್ತಿ ತೋರಿಸಿದ. ಮರ ಹತ್ತುವ ಹಗ್ಗ. ಮೂರೆಳೆ ಹೆಣಿಗೆ, ಒಂದು ತುದಿಯಲ್ಲಿ ಚರ್ಮದ ಪಟ್ಟಿ.

ಇನ್‌ಸ್ಪೆಕ್ಟರ್ ಹಗ್ಗ ತೆಗೆದುಕೊಂಡಳು. ಆಮೇಲೆ ಕೊನೆಯ ಮರದ ಕಡೆ ತಿರುಗಿದಳು. ಅದರ ಬುಡದ ತಗಡಿನ ಬಿಲ್ಲೆಯಲ್ಲಿ 212 ಎಂದಿತ್ತು.

“ಮೂವತ್ತಾರು ಮರದ ತಲೆಯಲ್ಲಿ ಕಾಯಿ ಗೊಂಚಲು ಗೊಂಚಲಾಗಿದೆ. ಇದರಲ್ಲಿ ಒಂದೂ ಇಲ್ಲ. ಯಾಕೆ?”

“ಮರಕ್ಕೂ ಜಾತಕ ಬರೀತೀರಾ ಮೇಡಂ? ಬಂಜೆ ಇರಬಹುದು. ಕೇಸ್ ಬರ್ಕೊಳ್ಳಿ.”

* * *

ದೊಡ್ಡಮ್ಮನನ್ನು ಮಧ್ಯಾಹ್ನವೇ ಹಿಡಿದು ತಂದರು. ಕೋರ್ಟು ಮೂರು ದಿನ ಠಾಣೆಯ ವಶಕ್ಕೆ ಕೊಟ್ಟಿತು. ಐವತ್ತೆಂಟರ ಹೆಂಗಸು. ಒಣಗಿದ ಬೇರಿನಂಥ ಕೈ, ಅಂಗೈಯಲ್ಲಿ ಎಷ್ಟು ತೊಳೆದರೂ ಹೋಗದ ಹಳದಿ. ಲಾಕಪ್ಪಿನ ಗೋಡೆಗೆ ಒರಗಿ ಕೂತವಳು ಇನ್‌ಸ್ಪೆಕ್ಟರಿನ ಮುಖವನ್ನೇ ನೋಡಲಿಲ್ಲ.

“ಈ ಹಗ್ಗ ನಿಮ್ಮದಾ?”

“ಕೈ ನಂದು, ಹೆಣಿಗೆ ನಂದು, ಹಗ್ಗ ಯಾರದ್ದಿರುತ್ತೆ?”

“ಕಾಡಿಗೆ ಹೇಗೆ ಹೋಯ್ತು?”

ದೊಡ್ಡಮ್ಮ ಗೋಡೆಯ ಕಡೆ ತಿರುಗಿದಳು.

“ತರಬೇತಿಯಿಂದ ಎದ್ದು ಎಲ್ಲಿಗೆ ಹೋದ್ರಿ?”

“ಸೊಸೆಗೆ ದಿನ ತುಂಬಿದೆ. ನೋಡೋಕೆ ಮನೆಗೆ ಹೋದೆ. ಅದೂ ತಪ್ಪಾ? ಕೇಸ್ ಹಾಕ್ಕೋ.”

“ನಾನು ನಿಮ್ಮ ಒಳ್ಳೇದಕ್ಕೇ ಕೇಳ್ತಿದ್ದೀನಿ.”

ದೊಡ್ಡಮ್ಮ ಮೊದಲ ಸಲ ತಲೆ ಎತ್ತಿದಳು. “ನೋಡವ್ವಾ, ಹೋದ ವರ್ಷ ಇದೇ ರೇಂಜರ್ ನಮ್ಮ ಏಣಿ ಸುಟ್ಟ. ದೂರು ಕೊಡೋಕೆ ಬಂದೆ. ನಿನ್ನ ಠಾಣೆಯವರು ನನ್ನನ್ನ ಸಂಜೆವರೆಗೆ ಆ ಬೆಂಚಿನ ಮೇಲೆ ಕೂರಿಸಿ, ನಾಳೆ ಬಾ ಅಂದ್ರು. ಒಂಬತ್ತು ನಾಳೆ ಬಂದೆ. ಇವತ್ತು ಒಳ್ಳೇದು ಮಾಡೋಕೆ ಬಂದಿದ್ದೀಯಾ? ನೀನೂ ಅದೇ ಅಂಗಡಿಯ ಸಾಮಾನು. ಹೋಗು.”

ಬಾಗಿಲ ಹತ್ತಿರ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ‘ಮೀಸೆ’ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ಬೆಂಚಿನ ಮೇಲೆ ಕೂರಿಸಿದವನು ಅವನೇ.

ಸಂಜೆ ಸೂಪರಿಂಟೆಂಡೆಂಟ್ ಸಾಹೇಬರ ಫೋನು ಬಂತು. “ಮರ ಬಿದ್ದಿದೆ, ಮನುಷ್ಯ ಅಲ್ಲ. ಹಗ್ಗ ಸಿಕ್ಕಿದೆ, ಹೆಂಗಸು ಸಿಕ್ಕಿದ್ದಾಳೆ. ನಾಲ್ಕನೇ ದಿನ ಕೋರ್ಟಿಗೆ ಕಾಗದ ಹೋಗ್ಬೇಕು. ಇದರಲ್ಲಿ ಚೌಕಾಸಿ ಬೇಡ.”

ಹೆಸರು ಅಲ್ಲಿಯವರೆಗೂ ತಲುಪಿತ್ತು.

* * *

ದೊಡ್ಡಮ್ಮನಿಗೆ ಊರಲ್ಲಿ ಒಬ್ಬನೇ ಶತ್ರು. ಅವಳ ಮೈದುನ. ಒಂದು ಕಾಲಕ್ಕೆ ಮರ ಹತ್ತುವ ತಾಪತ್ರಯ ಯಾಕೆಂದು ಮರವನ್ನೇ ಕೆಡವಿ ಹಣ್ಣು ಕೊಯ್ಯುತ್ತಿದ್ದವನು. ಅತ್ತಿಗೆಯೇ ಅವನನ್ನು ಹಿಡಿದುಕೊಟ್ಟಿದ್ದಳು. ಒಂದು ವರ್ಷ ಒಳಗಿದ್ದು ಬಂದ. ಅಂದಿನಿಂದ ಅವನ ಹೆಸರು ‘ಗರಗಸ’. ಈಗ ಬಡಗಿ ಕೆಲಸ.

ಇನ್‌ಸ್ಪೆಕ್ಟರ್ ಅವನ ಅಂಗಡಿಗೆ ಹೋದಾಗ ಅವನು ಕುರ್ಚಿಯ ಕಾಲಿಗೆ ಉಜ್ಜುಗೊರಡು ಹಾಕುತ್ತಿದ್ದ. ಕೈ ನಿಲ್ಲಿಸಲಿಲ್ಲ.

“ಬರ್ತೀರ ಅಂತ ಗೊತ್ತಿತ್ತು. ಊರಲ್ಲಿ ಹಲ್ಲುಕಡ್ಡಿ ಮುರಿದ್ರೂ ನನ್ನ ಮನೆ ಬಾಗಿಲು ಬಡೀತಾರೆ.”

“ಮರ ಕಡಿದ ದಿನ ಎಲ್ಲಿದ್ದೆ?”

“ಇಲ್ಲೇ. ಎದುರಿನ ಕ್ಷೌರಿಕನ್ನ ಕೇಳಿ. ಇಡೀ ದಿನ ಗೂಟ ಬಡಿದು ಅವನ ತಲೆ ತಿಂದಿದ್ದೀನಿ.”

ಕ್ಷೌರಿಕ ಹೌದೆಂದ. ಕತ್ತರಿಯನ್ನೂ ನಿಲ್ಲಿಸದೆ ನಾಲ್ಕು ಬೈಗುಳ ಸೇರಿಸಿದ.

“ಹಾಗಾದ್ರೆ ನನ್ನ ಜೊತೆ ಕಾಡಿಗೆ ಬಾ” ಎಂದಳು ಇನ್‌ಸ್ಪೆಕ್ಟರ್. “ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.”

“ಮರ್ಯಾದೆಯಾಗಿ ಕರೆದ್ರಿ, ಬರ್ತೀನಿ.”

ಬಿದ್ದ ಮರಗಳ ನಡುವೆ ಗರಗಸ ಒಂದೊಂದೇ ಬುಡ ನೋಡುತ್ತ ನಡೆದ. ಇನ್ನೂರ ಹನ್ನೆರಡರ ಹತ್ತಿರ ಬಂದು ನಿಂತ. ತೊಗಟೆ ಮುಟ್ಟಿದ. ಗಟ್ಟಿಯಾಗಿ ನಕ್ಕುಬಿಟ್ಟ.

“ಏನು?”

“ಅಳಿಯನ್ನ ಕಡಿದಿದ್ದಾನೆ ಸೂಳೆಮಗ!”

“ಯಾವ ಅಳಿಯ?”

“ಇದು ಗಂಡು ಮರ ಮೇಡಂ. ಹೊನ್ನಹುಳಿಯಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಹಣ್ಣು ಬಿಡೋದು ಹೆಣ್ಣು. ಗಂಡು ಬರೀ ಹೂ ಬಿಟ್ಟು ನೆರಳಲ್ಲಿ ನಿಂತಿರುತ್ತೆ. ಅದಕ್ಕೇ ನಮ್ಮ ಹೆಂಗಸರು ಗಂಡು ಮರಕ್ಕೆ ಅಳಿಯ ಅಂತಾರೆ. ಉಣ್ಣೋಕೆ ಮುಂದೆ, ದುಡಿಯೋಕೆ ಹಿಂದೆ. ಆದ್ರೆ ಅಳಿಯ ಇಲ್ದೆ ಮನೆ ಬೆಳೆಯಲ್ಲ, ಅದಕ್ಕೇ ಯಾರೂ ಮುಟ್ಟಲ್ಲ.” ಅವನು ಪಕ್ಕದಲ್ಲಿ ನಿಂತಿದ್ದ ಮರದ ಬುಡಕ್ಕೆ ಅಂಗೈ ಹೊಡೆದ. ಬಿಲ್ಲೆಯಲ್ಲಿ 213. “ಇವಳು ಈ ಕಾಡಿನ ದೊಡ್ಡ ಹೆಣ್ಣು. ನೂರು ಬುಟ್ಟಿ ಹಣ್ಣು ಬಿಡ್ತಾಳೆ. ಇವಳನ್ನ ಬಿಟ್ಟು ಅಳಿಯನ್ನ ಕಡಿದಿದ್ದಾನೆ. ಕಡಿಸಿದವನು ಕಳ್ಳ ಅಲ್ಲ ಮೇಡಂ, ಕುರುಡ. ನಾನಾಗಿದ್ರೆ ಕಣ್ಣು ಕಟ್ಟಿ ಬಿಟ್ರೂ ಈ ತಪ್ಪು ಮಾಡ್ತಿರಲಿಲ್ಲ.”

“ನಿನ್ನ ಅತ್ತಿಗೆ?”

ಗರಗಸ ಉಗುಳಿದ. “ಅವಳ ಮೇಲೆ ನನಗಿರೋ ಸಿಟ್ಟು ನನ್ನ ಜೊತೇನೇ ಹೋಗ್ಬೇಕು. ಆದ್ರೂ ಹೇಳ್ತೀನಿ ಕೇಳಿ. ಇನ್ನೂರ ಹದಿಮೂರನ್ನ ಅವಳು ಮೂವತ್ತು ವರ್ಷದಿಂದ ಹತ್ತುತ್ತಿದ್ದಾಳೆ. ನಾಲ್ಕು ಕೊಂಬೆಯಲ್ಲಿ ಮೂರು ಕೊಯ್ತಾಳೆ. ನಾಲ್ಕನೇದು ಹಕ್ಕಿ ಪಾಲು ಅಂತ ಬಿಡ್ತಾಳೆ. ಆ ಒಂದು ಕೊಂಬೆ ಕೊಯ್ದಿದ್ದಕ್ಕೆ ಒಂದ್ಸಲ ನನ್ನ ಕೆನ್ನೆಗೆ ಹೊಡೆದಿದ್ಲು.”

* * *

ಮರಗಳಿಗೆ ನಂಬರ್ ಹಾಕಿದವನು ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು. ಒಣ ಎಲೆಗಳ ಕಟ್ಟುಗಳ ನಡುವೆ ಕೂತಿದ್ದ. ಇನ್‌ಸ್ಪೆಕ್ಟರ್ ಎರಡು ನಂಬರ್ ಹೇಳಿದ ಕೂಡಲೇ ಅವನ ಮುಖ ಸಪ್ಪಗಾಯಿತು.

“ಅದು ನನ್ನ ತಪ್ಪು. ಮೂರು ವರ್ಷದ ಹಿಂದೆ ಸರ್ವೇ ಮಾಡ್ದಾಗ ಹಣ್ಣಿನ ಕಾಲ ಮುಗಿದಿತ್ತು. ಮರದ ಕೆಳಗೆ ಬೀಜ ಬಿದ್ದಿದ್ರೆ ಹೆಣ್ಣು, ಇಲ್ದಿದ್ರೆ ಗಂಡು ಅಂತ ಬರ್ಕೊಂಡೆ. ಇನ್ನೂರ ಹನ್ನೆರಡರ ಕೆಳಗೆ ರಾಶಿ ಬೀಜ ಇತ್ತು.”

“ಗಂಡು ಮರದ ಕೆಳಗೆ ಬೀಜ ಹೇಗೆ?”

“ಬಾವಲಿಗಳು. ಪಕ್ಕದ ಹೆಣ್ಣು ಮರದಿಂದ ಹಣ್ಣು ಕಿತ್ಕೊಂಡು ಬಂದು, ಈ ಮರದಲ್ಲಿ ತಲೆಕೆಳಗಾಗಿ ಕೂತು ತಿಂತಾವೆ. ಬೀಜ ಇಲ್ಲಿ ಉದುರುತ್ತೆ. ಆ ವರ್ಷ ಇನ್ನೂರ ಹದಿಮೂರು ಫಲ ಬಿಟ್ಟಿದ್ದೇ ಕಮ್ಮಿ. ಉದುರಿದ್ದನ್ನೂ ಕಾಡುಹಂದಿ ತಿಂದು ನೆಲ ಖಾಲಿ ಮಾಡಿತ್ತು. ಅದನ್ನ ಗಂಡು ಅಂತ ಬರೆದೆ. ಮರು ವರ್ಷ ಪಟ್ಟಿ ಓದಿ ಹೇಳ್ದಾಗ ಸಂಘದ ಹೆಂಗಸರು ಹೊಟ್ಟೆ ಹಿಡ್ಕೊಂಡು ನಕ್ರು. ಮೇಷ್ಟ್ರೇ, ಅಳಿಯನಿಗೆ ಬಾಣಂತನ ಮಾಡಿಸ್ತೀರಾ ಅಂದ್ರು.”

“ತಿದ್ದಿದ್ರಾ?”

“ಕೂಡಲೇ. ಪಟ್ಟಿಯ ಮೂರೇ ಪ್ರತಿ ಇರೋದು. ನನ್ನದು ತಿದ್ದಿದೆ, ನೋಡಿ. ಸಂಘದ್ದು ನನ್ನ ಕೈಯಾರೆ ತಿದ್ದಿದೆ. ಮೂರನೇದು ರೇಂಜರ್ ಆಫೀಸಲ್ಲಿದೆ. ಅವರಿಗೆ ತಿದ್ದುಪಡಿ ಪತ್ರ ಕಳಿಸಿದ್ದೆ, ರಿಜಿಸ್ಟರ್ಡ್ ಅಂಚೆಯಲ್ಲಿ. ತಲುಪಿದ್ದಕ್ಕೆ ರಸೀದಿ ಇದೆ.”

ಇನ್‌ಸ್ಪೆಕ್ಟರ್ ಎರಡು ನಂಬರುಗಳನ್ನೂ ಮತ್ತೊಮ್ಮೆ ಹೇಳಿಸಿದಳು. ರಸೀದಿಯನ್ನು ಜೇಬಿಗಿಟ್ಟುಕೊಂಡಳು.

ಮೇಷ್ಟ್ರು ಕನ್ನಡಕ ಒರೆಸುತ್ತ ಕೂತ. “ಒಂದು ಮಾತು ಮೇಡಂ. ಆ ಕಾಡಲ್ಲಿ ನಾನು ನೂರ ತೊಂಬತ್ತು ಜಾತಿ ಮರ ಎಣಿಸಿದ್ದೀನಿ. ಬೇಸಿಗೆಯಲ್ಲಿ ಬೇರೆ ಯಾವುದೂ ಹಣ್ಣು ಬಿಡದ ಎರಡು ತಿಂಗಳು ಹೊನ್ನಹುಳಿ ಬಿಡುತ್ತೆ. ಹಕ್ಕಿ, ಬಾವಲಿ ಅದನ್ನ ನಂಬಿಕೊಂಡು ನಿಲ್ತಾವೆ. ನಿಂತಿದ್ದಕ್ಕೆ ಮಿಕ್ಕ ಮರಗಳ ಬೀಜಾನೂ ಅವೇ ಬಿತ್ತುತ್ತವೆ. ಕಡಿದಿದ್ದು ಮೂವತ್ತೇಳಲ್ಲ.”

* * *

“ಇನ್ನೂರ ಹದಿಮೂರು ನಿಂತಿದೆ” ಎಂದಳು ಇನ್‌ಸ್ಪೆಕ್ಟರ್, ಲಾಕಪ್ಪಿನ ಹೊರಗೆ ನೆಲದ ಮೇಲೇ ಕೂತು.

ದೊಡ್ಡಮ್ಮನ ಕತ್ತು ಥಟ್ಟನೆ ತಿರುಗಿತು. “ನಿಂತಿದ್ದಾಳಾ?”

“ಅದರ ಬದಲು ಅಳಿಯನ್ನ ಕಡಿದಿದ್ದಾರೆ.”

ಮುದುಕಿ ಜರುಗಿ ಬಂದು ಕಂಬಿ ಹಿಡಿದಳು. “ಮೂರನೇ ಪಟ್ಟಿ” ಎಂದಳು.

“ಹೌದು. ಈಗ ಹಗ್ಗದ ಕಥೆ ಹೇಳಿ. ಕೊನೇ ಸಲ ಎಲ್ಲಿ ನೋಡಿದ್ರಿ?”

“ತರಬೇತಿ ದಿನ. ಹೋದ ಕೂಡಲೇ ಹಗ್ಗಗಳನ್ನ ಪರೀಕ್ಷೆ ಮಾಡ್ಬೇಕು, ಇಲ್ಲಿಡಿ ಅಂದ ರೇಂಜರ್. ಐವತ್ತೆಂಟು ಜನರೂ ಆಫೀಸಿನ ಜಗುಲಿ ಮೇಲೆ ರಾಶಿ ಹಾಕಿದ್ವಿ. ನಾನು ಯಜಮಾನಿ, ಕೊನೆಗೆ ಹಾಕಿದ್ದು ನಾನು. ನನ್ನ ಹಗ್ಗ ಮೇಲ್ಗಡೆ ಇತ್ತು. ಆಮೇಲೆ ತರಬೇತಿ ಕೊಡೋನು ಬರಲೇ ಇಲ್ಲ. ಬರ್ತಾನೆ ಬರ್ತಾನೆ ಅಂತ ಸಂಜೆವರೆಗೆ ಕೂರಿಸಿದ್ರಂತೆ.”

“ಇದನ್ನ ನಿನ್ನೆಯೇ ಹೇಳಬಾರದಿತ್ತಾ?”

“ನಿನ್ನೆ ಹೇಳಿದ್ರೆ ನೀನು ಯಾರ ಹತ್ರ ಹೇಳ್ತಿದ್ದೆಯೋ, ನನಗೇನು ಗೊತ್ತು?”

ಇನ್‌ಸ್ಪೆಕ್ಟರ್ ಎದ್ದು ಹೋಗಿ ಕೋರ್ಟಿಗೆ ಶೋಧನೆಯ ಅರ್ಜಿ ಬರೆದಳು.

* * *

ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಪೊಲೀಸ್ ಜೀಪು ರೇಂಜರ್ ಆಫೀಸಿನ ಮುಂದೆ ನಿಂತಿತು. ಜಗುಲಿಯ ಮೇಲೆ ಹಗ್ಗಗಳ ರಾಶಿ ಹಾಗೇ ಬಿದ್ದಿತ್ತು. ಮೀಸೆ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟ. ಐವತ್ತೇಳು.

“ಏನು ಮೇಡಂ, ನಮ್ಮ ಮನೆಗೇ ಜಪ್ತಿಗೆ ಬಂದ್ರಾ?” ರೇಂಜರ್ ಕುರ್ಚಿಯಿಂದ ಏಳಲಿಲ್ಲ.

“ಮರದ ಪಟ್ಟಿ ಕೊಡಿ.”

ಗುಮಾಸ್ತ ತಂದಿಟ್ಟ. ಇನ್‌ಸ್ಪೆಕ್ಟರ್ ಪುಟ ತಿರುಗಿಸಿ ಬೆರಳಿಟ್ಟಳು. “ಇನ್ನೂರ ಹನ್ನೆರಡು, ಹೆಣ್ಣು. ಇನ್ನೂರ ಹದಿಮೂರು, ಗಂಡು. ನಿಮ್ಮಲ್ಲಿ ಹೀಗಿದೆ. ಕಾಡಲ್ಲಿ ಉಲ್ಟಾ ಇದೆ.”

“ಬರೆಯೋವಾಗ ತಪ್ಪಾಗಿರುತ್ತೆ. ಅದಕ್ಕೆ ನಾನೇನು ಮಾಡ್ಲಿ?”

“ತಪ್ಪು ನಿಮ್ಮದಲ್ಲ. ತಪ್ಪನ್ನ ನಂಬಿದ್ದು ನಿಮ್ಮದು. ಕಡಿದ ಮೂವತ್ತೇಳೂ ಮರ ಈ ಪಟ್ಟಿಯಲ್ಲಿ ಹೆಣ್ಣು. ಮರ ನೋಡಿ ಕಡಿದವರು ಅಳಿಯನ್ನ ಮುಟ್ಟಲ್ಲ, ನೂರು ಬುಟ್ಟಿ ಬಿಡೋ ಹೆಣ್ಣನ್ನ ಬಿಟ್ಟು ಹೋಗಲ್ಲ. ಕೆಳಗಿಂದ ಹಣ್ಣು ಕಾಣಲ್ಲ ಅಂತ ನೀವೇ ಹೇಳಿದ್ರಿ. ಯಾವತ್ತೂ ಮರ ಹತ್ತದವನು ಬಿಲ್ಲೆ ನೋಡಿ ಕಡಿಸಿದ್ದಾನೆ. ಸಂಘದ ಪ್ರತಿ ತಿದ್ದಿದೆ, ಮೇಷ್ಟ್ರ ಪ್ರತಿ ತಿದ್ದಿದೆ. ತಿದ್ದದೆ ಉಳಿದದ್ದು ಇದೊಂದೇ.”

“ನನಗೆ ಯಾವ ತಿದ್ದುಪಡಿಯೂ ಬಂದಿಲ್ಲ.”

ಇನ್‌ಸ್ಪೆಕ್ಟರ್ ಅಂಚೆ ರಸೀದಿ ಮೇಜಿನ ಮೇಲಿಟ್ಟಳು. ಗುಮಾಸ್ತನ ಕಡೆ ನೋಡಿದಳು. ಅವನು ಕಪಾಟಿನ ಕೆಳಗಿನ ಅರೆಯಿಂದ ಒಂದು ಲಕೋಟೆ ತೆಗೆದ. ಮೇಲೆ ಆಫೀಸಿನ ಮೊಹರು. ಅಂಟು ಬಿಚ್ಚಿರಲಿಲ್ಲ.

“ಒಡೆದು ಓದಿದ್ರೆ ಸಿಕ್ಕಿಬೀಳ್ತಿರಲಿಲ್ಲ” ಎಂದಳು ಇನ್‌ಸ್ಪೆಕ್ಟರ್. “ಮೇಷ್ಟ್ರ ಪತ್ರ, ಯಾಕೆ ಓದ್ಬೇಕು? ಹೆಂಗಸರ ಮಾತು, ಯಾಕೆ ಕೇಳ್ಬೇಕು?”

“ಪಟ್ಟಿ ಯಾರು ಬೇಕಾದ್ರೂ ಕದ್ದು ನೋಡಬಹುದು. ಇದೆಂಥ ಸಾಕ್ಷಿ?” ರೇಂಜರಿನ ದನಿ ಏರಿತು.

“ಸರಿ. ಜಪ್ತಿ ಕೋಣೆಯ ಬೀಗ ತೆಗೀರಿ.”

“ಕೀ ಇಲ್ಲ.”

“ನಿಮ್ಮ ಸೊಂಟದ ಗೊಂಚಲಲ್ಲಿದೆ. ಕೋರ್ಟಿನ ಅಪ್ಪಣೆ ನನ್ನ ಕೈಯಲ್ಲಿದೆ. ಬೇಡ ಅಂದ್ರೆ ಮೀಸೆ ಒಡೀತಾನೆ. ಒಡೆಯೋದ್ರಲ್ಲಿ ಅವನು ಚುರುಕು.”

ಕೋಣೆಯೊಳಗೆ ಮೂರು ಯಂತ್ರದ ಗರಗಸ. ಎರಡು ವರ್ಷದ ಹಿಂದೆ ಕಳ್ಳರಿಂದ ವಶಪಡಿಸಿಕೊಂಡು ಅರಗಿನ ಮೊಹರು ಹಾಕಿ ಇಟ್ಟದ್ದು. ಮೂರರ ಮೊಹರೂ ಒಡೆದಿತ್ತು. ಹಲ್ಲುಗಳ ಸಂದಿಯಲ್ಲಿ ಹಳದಿ ಅಂಟು.

“ಹಳೇದು” ಎಂದ ರೇಂಜರ್. “ಅವಳ ಮೈದುನನ ಗರಗಸವೇ ಅದು. ಅವನ ಕಾಲದ್ದೇ ಅಂಟು.”

ಇನ್‌ಸ್ಪೆಕ್ಟರ್ ಉಗುರಿನಿಂದ ಒತ್ತಿದಳು. ಅಂಟು ತಗ್ಗಿತು. ಬೆರಳಿಗೆ ಹಳದಿ ಹತ್ತಿತು. “ಹೊನ್ನಹುಳಿಯ ಹಾಲು ತಿಂಗಳೊಳಗೆ ಕಲ್ಲಾಗುತ್ತೆ, ಮೇಷ್ಟ್ರು ಹೇಳಿದ್ದಾರೆ. ಇದು ಇನ್ನೂ ಬೆಣ್ಣೆ. ತರಬೇತಿಯ ನೆಪದಲ್ಲಿ ಕಾಡು ಕಾಯೋ ಐವತ್ತೆಂಟು ಜೊತೆ ಕಣ್ಣನ್ನ ಇಲ್ಲಿ ಕೂರಿಸಿದ್ರಿ. ಹಗ್ಗ ಇಸ್ಕೊಂಡ್ರಿ. ಎಲ್ಲಕ್ಕಿಂತ ಮೇಲಿದ್ದ ಹಗ್ಗ ಎತ್ಕೊಂಡು ಹೋಗಿ ಅಲ್ಲಿ ಎಸೆದ್ರಿ. ಅದು ಯಜಮಾನಿಯದ್ದೇ ಆಗಿದ್ದು ನಿಮ್ಮ ಅದೃಷ್ಟ. ಅಲ್ಲಿಗೆ ಮುಗೀತು ಆ ಅದೃಷ್ಟ.”

ಗುಮಾಸ್ತ ಗೋಡೆಗೆ ಒರಗಿದ. “ಗರಗಸ ಹಿಡಿದವರು ಕಾರ್ಖಾನೆಯ ಆಳುಗಳು ಮೇಡಂ” ಎಂದ, ಯಾರೂ ಕೇಳದಿದ್ದರೂ. “ಸಾಹೇಬರೇ ಪಟ್ಟಿ ಹಿಡ್ಕೊಂಡು ಜೊತೆಗೆ ಹೋಗಿದ್ರು. ಗರಗಸ ತೊಳೆದಿಡು ಅಂತ ನನಗೆ ಹೇಳಿದ್ರು. ಆ ಅಂಟು ನೀರಿಗೆ ಬಿಡಲಿಲ್ಲ.”

ರೇಂಜರ್ ಎದ್ದು ನಿಂತ. “ಈ ಊರಲ್ಲಿ ನೀನು ಇನ್ನೊಂದು ವಾರ ಇರಲ್ಲ.”

“ಇರಲ್ಲವೇನೋ. ಮೀಸೆ, ಬೇಡಿ ಹಾಕು.”

* * *

ಮಧ್ಯಾಹ್ನ ಎರಡು ಗಂಟೆಗೆ ಸೂಪರಿಂಟೆಂಡೆಂಟ್ ಸಾಹೇಬರು ಖುದ್ದಾಗಿ ಠಾಣೆಗೆ ಬಂದರು. ಕೈಯಲ್ಲಿ ಟೈಪಾದ ಒಂದು ಹಾಳೆ. ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡರು. ಇಷ್ಟು ಮೆತ್ತಗಿನ ದನಿಯನ್ನು ಇನ್‌ಸ್ಪೆಕ್ಟರ್ ಅವರ ಬಾಯಲ್ಲಿ ಕೇಳಿಯೇ ಇರಲಿಲ್ಲ.

“ನೋಡಮ್ಮಾ, ನಿನ್ನ ಮೇಲೆ ಕೇಸಿಲ್ಲ. ರೇಂಜರನ್ನ ದೂರದ ಊರಿಗೆ ಎತ್ತಂಗಡಿ ಮಾಡಿಸ್ತೀವಿ. ಇಲಾಖೆಯ ಮಾನ ಉಳೀಬೇಕು, ಅಷ್ಟೇ. ಹಗ್ಗ ನಿನ್ನ ಹತ್ರಾನೇ ಇತ್ತು, ಎಲ್ಲೋ ಕಳೆದುಹೋಯ್ತು, ಮರ ಕಡಿದವರು ಯಾರೋ ಗೊತ್ತಿಲ್ಲ. ಇದಕ್ಕೊಂದು ಹೆಬ್ಬೆಟ್ಟು ಒತ್ತು. ಈಗಲೇ ಮನೆಗೆ ಹೋಗು. ಸೊಸೆಗೆ ಹೆರಿಗೆ ಆಯ್ತಂತೆ, ಹೆಣ್ಣು ಮಗು.”

ದೊಡ್ಡಮ್ಮ ಅಂಗೈಯ ಹಳದಿಯನ್ನು ಒಮ್ಮೆ ಉಜ್ಜಿಕೊಂಡಳು.

“ಯಾರೋ ಗೊತ್ತಿಲ್ಲ ಅಂದ್ರೆ?” ಎಂದು ಇನ್‌ಸ್ಪೆಕ್ಟರಿನ ಕಡೆ ನೋಡಿದಳು.

“ಹೊರಗಿನವರು ಅಂತ ಸಾಬೀತಾಗಲ್ಲ. ಪರವಾನಗಿ ರದ್ದಾಗುತ್ತೆ. ಕಾಡು ಕಾರ್ಖಾನೆಗೆ ಹೋಗುತ್ತೆ.”

“ನಿನ್ನನ್ನ ಕೇಳಿದ್ರಾ?” ಸಾಹೇಬರು ಹಲ್ಲು ಕಡಿದರು. “ಬಾಗಿಲು ತೆಗಿ. ಹೆಬ್ಬೆಟ್ಟು ಒತ್ತಿಸ್ಕೋ.”

“ಗುಮಾಸ್ತನ ಹೇಳಿಕೆ, ಲಕೋಟೆ, ಗರಗಸ, ಎಲ್ಲ ಒಂದು ಗಂಟೆಗೇ ಕೋರ್ಟು ಸೇರಿದೆ ಸರ್. ಆದ್ರೆ ಯಜಮಾನಿಯೇ ಹಗ್ಗ ಜಗುಲಿಯಲ್ಲಿ ಇಡಲೇ ಇಲ್ಲ ಅಂದ್ರೆ ಅದೆಲ್ಲ ಬರೀ ಕಾಗದ.” ಇನ್‌ಸ್ಪೆಕ್ಟರ್ ಬೀಗ ತೆಗೆದಳು. ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದಳು. ಮಸಿಯ ಪ್ಯಾಡನ್ನು ಮಾತ್ರ ಮುಟ್ಟಲಿಲ್ಲ. ಸಾಹೇಬರೇ ಅದರ ಮುಚ್ಚಳ ತೆಗೆದು ಮುಂದೆ ಚಾಚಿದರು.

“ಒತ್ತಲಿಲ್ಲ ಅಂದ್ರೆ ನಾಳೆ ಆರೋಪಿ ಅಂತಾನೇ ಕಟಕಟೆ ಹತ್ತಬೇಕಾಗುತ್ತೆ. ಗೊತ್ತಾಯ್ತಾ? ಒತ್ತು. ಹೊರಗೆ ಬಾ.”

ದೊಡ್ಡಮ್ಮ ಎದ್ದಳು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಬಾಗಿಲವರೆಗೆ ಬಂದಳು. ಹಾಳೆಯನ್ನು ನೋಡಿದಳು. ಸಾಹೇಬರನ್ನು ನೋಡಿದಳು.

“ಹದಿನೈದಾಳು ಹತ್ತಿದವಳಿಗೆ ಕಟಕಟೆ ಎಷ್ಟೆತ್ತರ ಸಾಮೀ?” ಎಂದಳು.

ಕಂಬಿಯ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತಾನೇ ಎಳೆದುಕೊಂಡಳು. ಒಳಗೆ ಹೋಗಿ ಗೋಡೆಗೆ ಒರಗಿ ಕಾಲು ಚಾಚಿ ಕೂತಳು.

“ಒತ್ತಲ್ಲ. ಬೀಗ ಹಾಕ್ಕೊಳ್ಳಿ.”